ಸಂತ ಜೋಸೆಫ್ ವಾಜ್: ಬಲಿಪೀಠದ ಗೌರವಕ್ಕೆ 304 ವರ್ಷಗಳ ದಾರಿ

ಪ್ರತಿ ವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಜ್ ಅವರ ಹಬ್ಬವನ್ನು ಆಚರಿಸುತ್ತೇವೆ. ಕರಾವಳಿಯ ಕಥೋಲಿಕರಾದ ನಮಗೆ ಅವರು ದೂರದ ದೇಶದ ಸಂತರಲ್ಲ. ಅವರ ಮನೆಮಾತು ಕೊಂಕಣಿ. ಮಂಗಳೂರು, ಮುಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಗಂಗೊಳ್ಳಿಯ ಕ್ರೈಸ್ತರನ್ನು ಹುಡುಕಿಕೊಂಡು ಈ ನೆಲದಲ್ಲಿ ಬರಿಗಾಲಲ್ಲಿ ನಡೆದವರು ಅವರು. ನಮ್ಮ ಹಿರಿಯರಿಗೆ ಬಲಿಪೂಜೆ ಅರ್ಪಿಸಿದವರು, ಪಾಪನಿವೇದನೆ ಕೇಳಿದವರು.

ಅವರು ದೈವಾಧೀನರಾದದ್ದು 1711ರಲ್ಲಿ. ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿದ್ದು 2015ರಲ್ಲಿ. ನಡುವೆ ಬರೋಬ್ಬರಿ 304 ವರ್ಷಗಳು. ಅವರ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುವುದುಂಟು: ಇಷ್ಟು ದೊಡ್ಡ ಸೇವೆ ಮಾಡಿದವರಿಗೆ ಸಂತಪದವಿ ಸಿಗಲು ಮೂರು ಶತಮಾನ ಬೇಕಾಯಿತೇ? ಅವರ ಪಾವಿತ್ರ್ಯದಲ್ಲಿ ಏನಾದರೂ ಕೊರತೆಯಿತ್ತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಅವರ ಬದುಕನ್ನೂ, ಧರ್ಮಸಭೆ ಸಂತರನ್ನು ಘೋಷಿಸುವ ಕ್ರಮವನ್ನೂ ಒಟ್ಟಿಗೆ ನೋಡಬೇಕು.

ಗೋವಾದ ಬಾಲಕ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಎಪ್ರಿಲ್ 21ರಂದು, ಗೋವಾದ ಸಾಲ್ಸೆಟ್ ಪ್ರದೇಶದ ಬಾಣಾವಳಿ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯ ದೆ ಮಿರಾಂದ. ತಂದೆಯ ಊರು ಸಾಂಕ್ವಾಳ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಬಾಣಾವಳಿಯ ಸ್ನಾನಿಕ ಯೊವಾನ್ನರ ಇಗರ್ಜಿಯಲ್ಲಿ ದೀಕ್ಷಾಸ್ನಾನ ಪಡೆದರು. ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಳಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತರು. ಮುಂದೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಹಾಗೂ ಡೊಮಿನಿಕನ್ ಗುರುಗಳ ವಿದ್ಯಾಲಯದಲ್ಲಿ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಗುರುವಾದ ಮೇಲೆ ಬಡವರಂತೆ ಬರಿಗಾಲಲ್ಲೇ ನಡೆಯತೊಡಗಿದರು. ಸಾಂಕ್ವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದು ಹುಡುಗರಿಗೆ ಪಾಠ ಹೇಳಿದರು. 1677ರ ಆಗಸ್ಟ್ 5ರಂದು, ತಾವು ಜೀವಮಾನವಿಡೀ ಮಾತೆ ಮರಿಯಮ್ಮನವರ ದಾಸ ಎಂದು ಪತ್ರ ಬರೆದು ಸಹಿ ಹಾಕಿದರು.

ಆ ಕಾಲದಲ್ಲಿ ಗೋವಾದ ಸ್ಥಳೀಯ ಗುರುಗಳ ಸ್ಥಿತಿ ಹೇಗಿತ್ತೆಂಬುದನ್ನು ನಾವು ಮರೆಯಬಾರದು. ಎಷ್ಟೇ ವಿದ್ಯಾವಂತರಾದರೂ, ಎಷ್ಟೇ ಭಕ್ತರಾದರೂ, ಯುರೋಪಿನಿಂದ ಬಂದ ಧಾರ್ಮಿಕ ಸಭೆಗಳು ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತಿರಲಿಲ್ಲ ಎನ್ನಬಹುದು. ಸ್ಥಳೀಯ ಗುರುಗಳು ಎರಡನೆಯ ಸಾಲಿನಲ್ಲೇ ಇರಬೇಕಿತ್ತು. ಈ ಗೋಡೆಯ ಮುಂದೆ ನಿಂತು ವಾಜ್ ಅವರು ದೂರು ಹೇಳುತ್ತ ಕೂರಲಿಲ್ಲ, ಬೇರೆ ದಾರಿ ಹುಡುಕಿದರು.

ನಮ್ಮ ಕೆನರಾದಲ್ಲಿ

ಇದೇ ಹೊತ್ತಿಗೆ ಸಿಲೋನ್ ದ್ವೀಪದ ಕ್ರೈಸ್ತರ ಕಷ್ಟದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಹೋಗಲು ಅವರು ಅನುಮತಿ ಕೇಳಿದರು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ, ವಿಕಾರ್ ಫೊರೇನ್, ಅಂದರೆ ವಲಯದ ಮೇಲ್ವಿಚಾರಕ ಧರ್ಮಗುರುವಾಗಿ.

ಆಗ ನಮ್ಮ ಕರಾವಳಿಯನ್ನು ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮಾಜಿ. ಪೋರ್ಚುಗೀಸರ ಬಲ ಕುಗ್ಗಿತ್ತು. ಕ್ರೈಸ್ತರ ನಡುವೆ ಮಾತ್ರ ದೊಡ್ಡ ಗೊಂದಲವಿತ್ತು. ಪೋರ್ಚುಗಲ್ ಅರಸರ ಪದ್ರುವಾದೊ ಹಕ್ಕಿನ ಪ್ರಕಾರ ಕೆನರಾ ಗೋವಾದ ಮಹಾಧರ್ಮಾಧ್ಯಕ್ಷರಿಗೆ ಸೇರಿದ್ದು ಎಂದು ಒಂದು ಪಕ್ಷದ ವಾದ. ರೋಮಿನ ಪ್ರೊಪಗಾಂಡ ಫೀದೆ ಇಲಾಖೆ ನೇಮಿಸಿದ ಬಿಷಪ್ ಥೋಮಸ್ ದೆ ಕಾಸ್ತ್ರೊ ಅವರೇ ಇಲ್ಲಿನ ಅಧಿಕಾರಿ ಎಂದು ಇನ್ನೊಂದು ಪಕ್ಷ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಸ್ಥಾಪಿಸಿದವರು ಇದೇ ಬಿಷಪರು. ಯಾವ ಗುರುಗಳು ಕೊಟ್ಟ ಸಂಸ್ಕಾರ ಸಿಂಧು, ಯಾವುದು ಅಸಿಂಧು ಎಂಬ ಸಂಶಯದಲ್ಲಿ ಬಡ ಕ್ರೈಸ್ತರು ನಲುಗಿದ್ದರು.

ವಾಜ್ ಅವರು ಗೋವಾದ ಕಡೆಯಿಂದ ಬಂದವರು. ಪಕ್ಷ ಕಟ್ಟಿ ಜಗಳ ಹೆಚ್ಚಿಸುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಬಿಷಪರನ್ನು ಕಂಡು, ಅವರ ನೇಮಕದ ಪತ್ರಗಳನ್ನು ನೋಡಿ, ಅವು ಸರಿಯಾಗಿವೆಯೆಂದು ಮನವರಿಕೆ ಮಾಡಿಕೊಂಡು ಗೌರವದಿಂದ ನಡೆದುಕೊಂಡರು. ಶಾಂತಿಯ ದಾರಿ ಹುಡುಕಿದರು. ಎಲ್ಲಕ್ಕಿಂತ ಮೊದಲು ಜನರ ಬಳಿಗೆ ಹೋದರು. ಊರಿಂದ ಊರಿಗೆ ನಡೆದು ಸಂಸ್ಕಾರಗಳನ್ನು ನೀಡಿದರು, ಬಿದ್ದುಹೋಗಿದ್ದ ಇಗರ್ಜಿಗಳನ್ನು ಎಬ್ಬಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಸೆರೆಯಲ್ಲಿದ್ದವರನ್ನೂ ರೋಗಿಗಳನ್ನೂ ಕಂಡು ಸಂತೈಸಿದರು. ಹೀಗೆ 1684ರವರೆಗೆ ಮೂರು ವರ್ಷ ಅವರು ನಮ್ಮವರಾಗಿದ್ದರು.

ಮಂಗಳೂರಿನ ದಕ್ಷಿಣಕ್ಕಿರುವ ಮುಡಿಪು ಬೆಟ್ಟದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಶತ್ರುಗಳು ಕೊಲ್ಲಲು ಬಂದಾಗ ಅವರು ಅಲ್ಲಿನ ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದರೆಂದೂ, ಅಲ್ಲಿ ನೀರು ಚಿಮ್ಮಿತೆಂದೂ ಜನರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಈ ನಂಬಿಕೆಯ ಬಗ್ಗೆ ಮುಂದೆ ಮತ್ತೊಮ್ಮೆ ಹೇಳುತ್ತೇವೆ.

ಭಿಕ್ಷುಕನ ವೇಷದಲ್ಲಿ ಸಿಲೋನಿಗೆ

ಗೋವಾಕ್ಕೆ ಮರಳಿದ ವಾಜ್ ಅವರು 1685ರಲ್ಲಿ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಬದುಕುತ್ತಿದ್ದ ಕೆಲವು ಸ್ಥಳೀಯ ಗುರುಗಳ ಜೊತೆ ಸೇರಿದರು. ಸಂತ ಫಿಲಿಪ್ ನೇರಿ ಅವರ ಮಾದರಿಯಲ್ಲಿ ಅದು ಒರೆಟರಿ ಸಂಸ್ಥೆಯಾಯಿತು. ಭಾರತೀಯ ಗುರುಗಳೇ ಕಟ್ಟಿ, ಭಾರತೀಯ ಗುರುಗಳೇ ನಡೆಸಿದ ಸಂಸ್ಥೆ ಅದು. ಅದಕ್ಕೆ ವಾಜ್ ಅವರೇ ಮುಖ್ಯಸ್ಥರಾದರು. ಮುಖ್ಯಸ್ಥನ ಕುರ್ಚಿ ಅವರನ್ನು ಹಿಡಿದಿಡಲಿಲ್ಲ. 1686ರಲ್ಲಿ ಜವಾಬ್ದಾರಿ ಬಿಟ್ಟುಕೊಟ್ಟು, ಜುವಾಂವ್ ಎಂಬ ನಂಬಿಗಸ್ತ ಸೇವಕನೊಡನೆ ಸಿಲೋನ್ ಕಡೆಗೆ ಹೊರಟರು.

ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿದ್ದರು. ಅವರು ಕ್ಯಾಲ್ವಿನ್ ಪಂಥದವರು. ಕಥೋಲಿಕ ಗುರುಗಳನ್ನು ಓಡಿಸಿದ್ದರು, ಅವರಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ ವಿಧಿಸಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿನ ಕಥೋಲಿಕರು ಗುರುಗಳಿಲ್ಲದೆ ಬದುಕಿದ್ದರು.

ವಾಜ್ ಅವರು ಕೂಲಿಯವನ ವೇಷದಲ್ಲಿ ತೂತ್ತುಕುಡಿಯಿಂದ ಸಮುದ್ರ ದಾಟಿ 1687ರಲ್ಲಿ ಜಾಫ್ನಾ ಸೇರಿದರು. ಸೇರುವಷ್ಟರಲ್ಲಿ ಆಮಶಂಕೆಯಿಂದ ಬಳಲಿ ಸಾಯುವಂತಾಗಿದ್ದರು. ಒಬ್ಬ ದಯಾವಂತ ಹೆಂಗಸು ತಂದುಕೊಟ್ಟ ಗಂಜಿಯಿಂದ ಅವರ ಜೀವ ಉಳಿಯಿತು. ಎದ್ದು ನಡೆಯುವಂತಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ಅರಳುತ್ತದೋ ಅವರು ಕಥೋಲಿಕರು ಎಂದು ತಿಳಿಯುವ ಉಪಾಯ ಅದು. ಹೀಗೆ ಒಂದೊಂದೇ ಮನೆ ಪತ್ತೆಯಾಯಿತು. ಸಿಲ್ಲಾಲೆ ಗ್ರಾಮದವರು ಅವರನ್ನು ಅಡಗಿಸಿಟ್ಟು ಕಾಪಾಡಿದರು. ರಾತ್ರಿಯ ಹೊತ್ತು ಬಲಿಪೂಜೆ, ಹಗಲು ಭಿಕ್ಷುಕನ ವೇಷ. 1689ರ ಕ್ರಿಸ್ಮಸ್ ಹೊತ್ತಿಗೆ ಡಚ್ಚರು ಜಾಫ್ನಾದಲ್ಲಿ ದಾಳಿ ನಡೆಸಿ ಕಥೋಲಿಕರನ್ನು ಹಿಡಿದು ಹಿಂಸಿಸಿದರು. ವಾಜ್ ಅವರು ಮಾತ್ರ ಸಿಗಲಿಲ್ಲ. ಅಲ್ಲಿಂದ ಪುತ್ತಲಂಗೆ, ಪುತ್ತಲಂನಿಂದ 1692ರಲ್ಲಿ ಕ್ಯಾಂಡಿಗೆ ಬಂದರು.

ಬೌದ್ಧ ಅರಸನ ಆಶ್ರಯ

ಕ್ಯಾಂಡಿ ಆಗ ಸ್ವತಂತ್ರ ರಾಜ್ಯ. ಅರಸ ಎರಡನೇ ವಿಮಲಧರ್ಮಸೂರಿಯ, ಬೌದ್ಧ ಧರ್ಮದವನು. ಬಂದವರು ಪೋರ್ಚುಗೀಸರ ಗೂಢಚಾರರು ಎಂಬ ಚಾಡಿ ಮೊದಲೇ ಅರಮನೆ ಮುಟ್ಟಿದ್ದರಿಂದ ವಾಜ್ ಅವರನ್ನು ಸೆರೆಗೆ ಹಾಕಲಾಯಿತು. ಸೆರೆಯಲ್ಲೇ ಅವರು ಸಿಂಹಳ ಭಾಷೆ ಕಲಿಯಲು ಕುಳಿತರು. ಕಾವಲು ಸಡಿಲವಾದಾಗ ಒಂದು ಗುಡಿಸಲು ಕಟ್ಟಿ ಅದನ್ನೇ ಪ್ರಾರ್ಥನಾಲಯ ಮಾಡಿಕೊಂಡರು. ಒಮ್ಮೆ ಮಳೆಯಿಲ್ಲದೆ ನಾಡು ಒಣಗಿದಾಗ ಅರಸನ ಕೋರಿಕೆಯಂತೆ ಅವರು ಬಯಲಲ್ಲಿ ಶಿಲುಬೆ ನೆಟ್ಟು ಪ್ರಾರ್ಥಿಸಿದರೆಂದೂ, ಧಾರಾಕಾರ ಮಳೆ ಸುರಿಯಿತೆಂದೂ ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಅರಸನ ಮನಸ್ಸು ಒಲಿಯಿತು. ರಾಜ್ಯದಲ್ಲಿ ಓಡಾಡಿ ಧರ್ಮಸೇವೆ ಮಾಡುವ ಸ್ವಾತಂತ್ರ್ಯ ಸಿಕ್ಕಿತು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಸ್ವಂತ ಮನೆಯವರೇ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದರು. ವಾಜ್ ಅವರೂ ಗೋವಾದಿಂದ ಬಂದ ಅವರ ಜೊತೆಗಾರ ಗುರುವೂ ಓಡಲಿಲ್ಲ. ರೋಗಿಗಳನ್ನು ಎತ್ತಿ ತಂದು, ಗುಡಿಸಲು ಕಟ್ಟಿ, ಗಾಯ ತೊಳೆದು, ಉಣಿಸಿ ಆರೈಕೆ ಮಾಡಿದರು. ಸತ್ತವರನ್ನು ತಮ್ಮ ಕೈಯಾರೆ ಹೂಳಿದರು. ರೋಗಿ ಕ್ರೈಸ್ತನೇ ಬೌದ್ಧನೇ ಎಂದು ಕೇಳಲಿಲ್ಲ. ಆ ನಾಡಿನ ಜನ ಅವರನ್ನು ನಂಬಿದ್ದು ಮುಖ್ಯವಾಗಿ ಇಲ್ಲಿ ಎಂದು ನಾವು ತಿಳಿಯುತ್ತೇವೆ.

ಗೋವಾದ ಒರೆಟರಿಯಿಂದ ಇನ್ನಷ್ಟು ಗುರುಗಳು ಬಂದು ಸೇರಿಕೊಂಡರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ಬರೆದು ಹೆಸರಾದರು. ವಾಜ್ ಅವರಿಗೆ ಧರ್ಮಾಧ್ಯಕ್ಷ ಪದವಿ ನೀಡುವ ಮಾತು ಬಂದಾಗ ಅವರು ಒಲ್ಲೆನೆಂದರು. ಕಾಡು ಮೇಡು ಅಲೆದು ದೇಹ ಸವೆದಿತ್ತು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ, ಅರುವತ್ತು ತುಂಬುವ ಮೊದಲೇ, ಪ್ರಾಣ ಬಿಟ್ಟರು. ಅವರನ್ನು ಹೂಳಿದ ನಿಖರ ಜಾಗ ಇಂದು ಯಾರಿಗೂ ತಿಳಿಯದು.

ಸಂತರನ್ನು ಘೋಷಿಸುವುದು ಹೇಗೆ?

ಇನ್ನು ಆ 304 ವರ್ಷಗಳ ಮಾತು. ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಧರ್ಮಸಭೆ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ದೇವರ ಕೃಪೆಯಿಂದ ಸಂತರಾಗಿ ಬಾಳಿದವರನ್ನು ಗುರುತಿಸಿ, ಇವರು ಸ್ವರ್ಗದಲ್ಲಿದ್ದಾರೆ, ಇವರನ್ನು ಧೈರ್ಯವಾಗಿ ಗೌರವಿಸಿ, ಇವರ ಮಧ್ಯಸ್ಥಿಕೆ ಬೇಡಿರಿ ಎಂದು ಘೋಷಿಸುತ್ತದೆ ಅಷ್ಟೇ.

ಆದಿ ಕ್ರೈಸ್ತರ ಕಾಲದಲ್ಲಿ ಜನರೇ ರಕ್ತಸಾಕ್ಷಿಗಳ ಸಮಾಧಿಯ ಬಳಿ ಸೇರಿ ಗೌರವ ಸಲ್ಲಿಸುತ್ತಿದ್ದರು. ಆಮೇಲೆ ಆಯಾ ಊರಿನ ಬಿಷಪರು ಒಪ್ಪಿಗೆ ಕೊಡತೊಡಗಿದರು. ಪೋಪರೇ ವಿಧಿವತ್ತಾಗಿ ಸಂತಪದವಿ ಘೋಷಿಸಿದ ಮೊದಲ ದಾಖಲೆ 993ನೇ ಇಸವಿಯದು, ಜರ್ಮನಿಯ ಆಗ್ಸ್‌ಬರ್ಗ್‌ನ ಬಿಷಪ್ ಸಂತ ಉಲ್ರಿಕ್ ಅವರದು. 1588ರಲ್ಲಿ ಪೋಪ್ ಐದನೇ ಸಿಕ್ಸ್ತುಸ್ ಈ ಕೆಲಸಕ್ಕೆ ರೋಮಿನಲ್ಲಿ ಇಲಾಖೆ ತೆರೆದರು. 17ನೇ ಶತಮಾನದಲ್ಲಿ ಪೋಪ್ ಎಂಟನೇ ಊರ್ಬನ್ ಅವರು, ಧರ್ಮಸಭೆಯ ತೀರ್ಮಾನಕ್ಕೆ ಮೊದಲು ಯಾರಿಗೂ ಸಾರ್ವಜನಿಕ ಪೂಜಾಗೌರವ ಸಲ್ಲಿಸಬಾರದೆಂದು ಕಟ್ಟುನಿಟ್ಟು ಮಾಡಿದರು. 1983ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಕ್ರಮವನ್ನು ಸರಳಗೊಳಿಸಿದರು.

ಈಗಿನ ಕ್ರಮದಲ್ಲಿ ನಾಲ್ಕು ಮೆಟ್ಟಿಲುಗಳಿವೆ. ವ್ಯಕ್ತಿ ತೀರಿಕೊಂಡು ಕನಿಷ್ಠ ಐದು ವರ್ಷ ಕಳೆಯಬೇಕು. ಪೋಪರು ಮಾತ್ರ ಇದಕ್ಕೆ ವಿನಾಯಿತಿ ಕೊಡಬಲ್ಲರು. ಆಮೇಲೆ ಸಾಮಾನ್ಯವಾಗಿ ಅವರು ಸತ್ತ ಸ್ಥಳದ ಧರ್ಮಾಧ್ಯಕ್ಷರು ತನಿಖೆ ಆರಂಭಿಸುತ್ತಾರೆ. ಆಗ ಅವರು ದೇವರ ಸೇವಕ. ಅವರ ಬರಹಗಳನ್ನು ಕಲೆಹಾಕಿ, ಬಲ್ಲವರ ಸಾಕ್ಷ್ಯ ಪಡೆದು ರೋಮಿಗೆ ಕಳುಹಿಸುತ್ತಾರೆ. ಪರವಾದ ಸಾಕ್ಷ್ಯದಂತೆ ವಿರುದ್ಧವಾದ ಸಾಕ್ಷ್ಯವನ್ನೂ ಮುಚ್ಚಿಡುವಂತಿಲ್ಲ. ದೈವಶಾಸ್ತ್ರಜ್ಞರೂ ಕಾರ್ಡಿನಲರೂ ಬಿಷಪರೂ ಪರಿಶೀಲಿಸಿದ ಮೇಲೆ, ಅಸಾಧಾರಣ ಸದ್ಗುಣಗಳಿಂದ ಬಾಳಿದವರೆಂದು ಪೋಪರು ಒಪ್ಪಿದರೆ ಅವರು ವಂದನೀಯರು. ಅವರ ಮಧ್ಯಸ್ಥಿಕೆಯಿಂದ ಒಂದು ಪವಾಡ ನಡೆದದ್ದು ಸಾಬೀತಾದರೆ ಧನ್ಯರು. ರಕ್ತಸಾಕ್ಷಿಗಳಿಗೆ ಈ ಹಂತದಲ್ಲಿ ಪವಾಡ ಬೇಕಿಲ್ಲ. ಧನ್ಯರಾದ ಮೇಲೆ ಇನ್ನೊಂದು ಪವಾಡ ಸಾಬೀತಾದರೆ ಸಂತರು. ಧನ್ಯರಿಗೆ ಆಯಾ ನಾಡಿನಲ್ಲಿ ಗೌರವ, ಸಂತರಿಗೆ ಇಡೀ ವಿಶ್ವದ ಧರ್ಮಸಭೆಯಲ್ಲಿ ಗೌರವ.

ಪವಾಡವೆಂದರೆ ಕೇಳಿಬಂದ ಕತೆ ಸಾಲದು. ಹೆಚ್ಚಾಗಿ ಅದು ರೋಗ ಗುಣವಾದ ಪ್ರಸಂಗವಾಗಿರುತ್ತದೆ. ವೈದ್ಯರ ಮಂಡಳಿ ದಾಖಲೆಗಳನ್ನು ನೋಡಿ, ವೈದ್ಯವಿಜ್ಞಾನದಿಂದ ಇದನ್ನು ವಿವರಿಸಲಾಗದು ಎನ್ನಬೇಕು. ಗುಣ ಪೂರ್ಣವಾಗಿರಬೇಕು, ಬಾಳಿಕೆ ಬರಬೇಕು. ಮುಡಿಪುವಿನ ನೀರಿನ ನಂಬಿಕೆ, ಕ್ಯಾಂಡಿಯ ಮಳೆಯ ವೃತ್ತಾಂತ ನಮ್ಮ ಭಕ್ತಿಯನ್ನು ಪೋಷಿಸುತ್ತವೆ. ಆದರೆ ಬದುಕಿದ್ದಾಗಿನ ಅದ್ಭುತಗಳನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸತ್ತ ಮೇಲೆ, ಅವರ ಮಧ್ಯಸ್ಥಿಕೆ ಬೇಡಿದ್ದರಿಂದ ನಡೆದದ್ದೇ ಆಗಬೇಕು.

ತಡವಾದದ್ದೇಕೆ?

ವಾಜ್ ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ, ಆಗ ಸಿಲೋನ್ ಯಾರ ಅಧಿಕಾರಕ್ಕೆ ಸೇರಿತ್ತೋ ಆ ಕೊಚ್ಚಿಯ ಬಿಷಪ್ ಫ್ರಾನ್ಸಿಸ್ಕೊ ದೆ ವಾಸ್ಕೊನ್ಸೆಲೊಸ್ ಅವರು ತನಿಖೆ ಆರಂಭಿಸಿದರು. ಗೋವಾದ ಒರೆಟರಿಯ ಗುರು ಸೆಬಾಸ್ಟಿಯಾಂವ್ ದೊ ರೇಗೊ ಬರೆದ ಜೀವನಚರಿತ್ರೆ 1745ರಲ್ಲಿ ಅಚ್ಚಾಯಿತು. ಶುರುವಾತು ಚೆನ್ನಾಗಿಯೇ ಇತ್ತು. ಆದರೆ ನಿಯಮದಂತೆ ಬೇಕಾದ ಪವಾಡಗಳ ಸಾಕ್ಷ್ಯ ಸಿಗಲಿಲ್ಲ, ಕೆಲಸ ನಿಂತಿತು.

ಇಂಥ ಪ್ರಕರಣ ತಾನಾಗಿ ನಡೆಯುವುದಿಲ್ಲ. ಅದನ್ನು ಮುಂದೆ ತಳ್ಳುವವರು ಬೇಕು, ಕಾಗದಪತ್ರ ಕಾಯುವವರು ಬೇಕು, ಖರ್ಚು ಹೊರುವವರು ಬೇಕು. ಯುರೋಪಿನ ದೊಡ್ಡ ಸಭೆಗಳಿಗೆ ರೋಮಿನಲ್ಲೇ ಜನರಿದ್ದರು. ಗೋವಾದ ಪುಟ್ಟ ಒರೆಟರಿಗೆ ಅಂಥ ಬಲವಿರಲಿಲ್ಲ. 1834ರಲ್ಲಿ ಪೋರ್ಚುಗಲ್ ಸರಕಾರ ಧಾರ್ಮಿಕ ಸಭೆಗಳನ್ನೇ ರದ್ದುಮಾಡಿದಾಗ ಆ ಒರೆಟರಿಯೂ ಮುಚ್ಚಿಹೋಗುವ ದಾರಿ ಹಿಡಿಯಿತು. ಮಗನಿಲ್ಲದ ಮನೆಯ ಖಟ್ಲೆಯಂತಾಯಿತು ವಾಜ್ ಅವರ ಪ್ರಕರಣ.

ಅದನ್ನು ಉಳಿಸಿದ್ದು ಸಾಮಾನ್ಯ ಜನರ ನೆನಪು. ಶ್ರೀಲಂಕಾದ ಹಳ್ಳಿಗಳಲ್ಲಿ, ಸಾಂಕ್ವಾಳದಲ್ಲಿ, ನಮ್ಮ ಕರಾವಳಿಯಲ್ಲಿ ತಂದೆತಾಯಿಗಳು ಮಕ್ಕಳಿಗೆ ಹೇಳುತ್ತ ಬಂದ ಕತೆಗಳು, ಮನೆಗಳಲ್ಲಿ ನಡೆದ ಪ್ರಾರ್ಥನೆಗಳು. 1938ರಲ್ಲಿ ಗೋವಾದಲ್ಲಿ ಹೆರಿಗೆಯ ಅಪಾಯದಲ್ಲಿದ್ದ ಒಬ್ಬ ತಾಯಿ ವಾಜ್ ಅವರನ್ನು ಬೇಡಿಕೊಂಡರು. ತಾಯಿ ಮಗು ಇಬ್ಬರೂ ಉಳಿದರು. ಮುಂದೆ ಪ್ರಕರಣಕ್ಕೆ ಮತ್ತೆ ಜೀವ ಬಂದಾಗ ಇದೇ ಸಾಕ್ಷ್ಯ ಕೈಹಿಡಿಯಿತು. 1989ರಲ್ಲಿ ಅವರ ಸದ್ಗುಣಗಳು ಅಸಾಧಾರಣವೆಂದು ಧರ್ಮಸಭೆ ಒಪ್ಪಿತು. 1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪೌಲ್ ಅವರು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು.

ಎರಡನೆಯ ಪವಾಡಕ್ಕಾಗಿ ಮತ್ತೆ ಕಾಯಬೇಕಿತ್ತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರು, ಕಾರ್ಡಿನಲರ ಮತ್ತು ಬಿಷಪರ ಒಪ್ಪಿಗೆಯ ಮೇರೆಗೆ, ಎರಡನೆಯ ಪವಾಡದ ನಿಯಮಕ್ಕೆ ವಿನಾಯಿತಿ ನೀಡಿದರು. 2015ರ ಜನವರಿ 14ರಂದು ಅದೇ ಗಾಲ್ ಫೇಸ್ ಮೈದಾನದಲ್ಲಿ, ಲಕ್ಷಾಂತರ ಜನರ ಮುಂದೆ, ಜೋಸೆಫ್ ವಾಜ್ ಅವರನ್ನು ಸಂತರೆಂದು ಘೋಷಿಸಿದರು. ಶ್ರೀಲಂಕಾಕ್ಕೆ ಅವರೇ ಮೊದಲ ಸಂತರು. ಪವಾಡ ಅನಗತ್ಯವೆಂದು ಇದರ ಅರ್ಥವಲ್ಲ. ಗುರುಗಳಿಲ್ಲದೆ ಬಾಡಿಹೋಗಿದ್ದ ಧರ್ಮಸಭೆಯೊಂದು ಒಬ್ಬ ಬರಿಗಾಲಿನ ಗುರುವಿನಿಂದ ಮತ್ತೆ ಚಿಗುರಿ ಮೂರು ಶತಮಾನ ಬಾಳಿತು. ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನಿದೆ ಎಂದು ನಮಗನಿಸುತ್ತದೆ.

ನಮಗೆ ಇದರಿಂದ ಏನು?

ತಡವಾದದ್ದು ವಾಜ್ ಅವರಿಗೆ ನಷ್ಟವಲ್ಲ. ಅವರು 1711ರಿಂದಲೇ ದೇವರ ಸನ್ನಿಧಿಯಲ್ಲಿದ್ದಾರೆ. ಬದುಕಿದ್ದಾಗಲೂ ಅವರು ಅಡಗಿ ಬಾಳಿದವರು, ಸತ್ತ ಮೇಲೆ ಸಮಾಧಿಯೂ ಅಡಗಿತು. ನಷ್ಟವಾದದ್ದಿದ್ದರೆ ನಮಗೆ. ನಮ್ಮದೇ ಭಾಷೆಯಾಡಿದ, ನಮ್ಮದೇ ಮಣ್ಣು ತುಳಿದ ಒಬ್ಬ ಸಂತರ ಮಾದರಿ ಅನೇಕ ತಲೆಮಾರುಗಳಿಗೆ ಬಲಿಪೀಠದ ಮೇಲೆ ಕಾಣಲಿಲ್ಲ.

ಇಂದು ನಮ್ಮ ಕರಾವಳಿಗೆ ಸಂಬಂಧಿಸಿದ ಇನ್ನೂ ಕೆಲವರ ಪ್ರಕರಣಗಳು ಈ ದಾರಿ ಹಿಡಿದಿವೆ. ಅಪೊಸ್ತೊಲಿಕ್ ಕಾರ್ಮೆಲ್ ಸಂಸ್ಥೆಯ ಸ್ಥಾಪಕಿ ಮದರ್ ವೆರೋನಿಕಾ ಅವರನ್ನು 2014ರಲ್ಲಿ ವಂದನೀಯರೆಂದು ಘೋಷಿಸಲಾಯಿತು. ಬೆಥನಿ ಸಂಸ್ಥೆಯ ಸ್ಥಾಪಕರಾದ ಮೊನ್ಸಿಂಞೊರ್ ರೇಮಂಡ್ ಮಸ್ಕರೇನ್ಹಸ್ ಅವರ ಹಾಗೂ ಬಾರ್ಕೂರಿನಲ್ಲಿ ಹುಟ್ಟಿದ ಕಪುಚಿನ್ ಗುರು ಆಲ್ಫ್ರೆಡ್ ರೋಚ್ ಅವರ ಪ್ರಕರಣಗಳನ್ನೂ ಆರಂಭಿಸಲಾಗಿದೆ. ಇವುಗಳ ತೀರ್ಮಾನ ಧರ್ಮಸಭೆಗೆ ಬಿಟ್ಟದ್ದು, ಆತುರ ಸಲ್ಲದು. ಆದರೆ ನಾವು ಮಾಡಬಹುದಾದ ಕೆಲಸವಿದೆ. ಇವರನ್ನು ಕಂಡವರು, ಇವರಿಂದ ಉಪಕಾರ ಪಡೆದವರು ತಮ್ಮ ನೆನಪನ್ನು ಬರೆದಿಡಬಹುದು. ಮನೆಯಲ್ಲಿರುವ ಹಳೆಯ ಪತ್ರ, ಫೋಟೊಗಳನ್ನು ಜೋಪಾನ ಮಾಡಿ ಸಂಬಂಧಪಟ್ಟವರಿಗೆ ತಲುಪಿಸಬಹುದು. ಕಷ್ಟಕಾಲದಲ್ಲಿ ಖಾಸಗಿಯಾಗಿ ಅವರ ಮಧ್ಯಸ್ಥಿಕೆ ಬೇಡಬಹುದು. ಬೇಡಿದ್ದು ಈಡೇರಿದರೆ ಆಸ್ಪತ್ರೆಯ ಕಾಗದಗಳ ಸಮೇತ ತಿಳಿಸಬಹುದು. ಘೋಷಣೆಗೆ ಮೊದಲೇ ಪ್ರತಿಮೆ ನಿಲ್ಲಿಸಿ ಸಾರ್ವಜನಿಕ ಪೂಜೆಗೆ ತೊಡಗುವುದು ಮಾತ್ರ ಬೇಡ. ಅದರಿಂದ ಪ್ರಕರಣಕ್ಕೆ ತೊಡಕೇ ಹೊರತು ಲಾಭವಿಲ್ಲ.

ಸಂತಪದವಿಯ ದಾರಿ ರೋಮಿನಲ್ಲಿ ಮುಗಿಯುತ್ತದೆ ನಿಜ, ಆದರೆ ಅದು ಶುರುವಾಗುವುದು ನಮ್ಮ ಮನೆಗಳಲ್ಲಿ. ಕೊರಳಿನ ಜಪಸರವನ್ನು ಗುರುತಿಸಿ ಬಾಗಿಲು ತೆರೆದ ಜಾಫ್ನಾದ ಮನೆಗಳಿಲ್ಲದಿದ್ದರೆ ವಾಜ್ ಅವರ ಸೇವೆಯೇ ಇರುತ್ತಿರಲಿಲ್ಲ. ನೆನಪನ್ನು ಕಾದಿಟ್ಟ ಮನೆಗಳಿಲ್ಲದಿದ್ದರೆ ಅವರ ಸಂತಪದವಿಯೂ ಇರುತ್ತಿರಲಿಲ್ಲ. ಈ ಬಾರಿ ಜನವರಿ 16 ಬಂದಾಗ ನಮ್ಮ ಮಕ್ಕಳಿಗೆ ಈ ಬರಿಗಾಲಿನ ಗುರುವಿನ ಕತೆ ಹೇಳೋಣ. ಸಂತ ಜೋಸೆಫ್ ವಾಜ್ ಅವರು ನಮ್ಮ ಧರ್ಮಪ್ರಾಂತ್ಯಕ್ಕಾಗಿ, ನಮ್ಮ ಕುಟುಂಬಗಳಿಗಾಗಿ ದೇವರಲ್ಲಿ ಬೇಡಿಕೊಳ್ಳಲಿ.